ಅಳಿಯ ಕೇಳಿದ ತುಕ್ಕು ಕಾರು

ಅಳಿಯ ಬರುತ್ತಾನೆಂಬ ಸುದ್ದಿ ತಿಳಿದ ದಿನ ಇಶೆನಾಲಿ ಮಾಡಿದ ಮೊದಲ ಕೆಲಸವೆಂದರೆ ತನ್ನ ಹೆಣ್ಣುಕುದುರೆಯನ್ನು ಬೇಲಿ ದಾಟಿಸಿ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ ಬಂದದ್ದು. ಜಿಪುಣ ಅನ್ನಬೇಡಿ. ಸರೋವರದ ದಂಡೆಯ ನಮ್ಮ ಕಾಜಿಸಾಯ್‌ನಲ್ಲಿ ಸೋದರಮಾವ ಆದವರೆಲ್ಲ ಮಾಡುವುದು ಇದನ್ನೇ. ಮದುವೆ ಗೊತ್ತಾದ ಸೋದರಳಿಯ ಮಾವನ ಮನೆಗೆ ಬರುತ್ತಾನೆ, ಕೂರುತ್ತಾನೆ, ಚಹಾ ಕುಡಿಯುತ್ತಾನೆ, ಆಮೇಲೆ ಏನಾದರೂ ಒಂದನ್ನು ಕೇಳುತ್ತಾನೆ. ಒಂದೇ ವಸ್ತು, ಒಂದೇ ಸಲ. ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ. ಅಂದವನ ಕೈ ಸಾಯುವ ತನಕ ನಡುಗುತ್ತದಂತೆ. ಇದನ್ನು ನಂಬದವರೂ ಇಲ್ಲ ಅನ್ನುವ ಗೋಜಿಗೆ ಹೋಗುವುದಿಲ್ಲ, ಯಾಕೆ ಬೇಕು ಸುಮ್ಮನೆ? ಅದಕ್ಕೇ ಅಳಿಯನ ಕಣ್ಣಿಗೆ ಬೀಳಬಾರದ್ದನ್ನು ಮೊದಲೇ ಸಾಗಿಸಿಬಿಡುತ್ತಾರೆ.

ರಿಸ್ಬೆಕ್ ಬಂದ. ಇಶೆನಾಲಿಯ ತಂಗಿ ಜೂರಾಕನ್‌ಳ ಮಗ. ಇಪ್ಪತ್ತೈದು ವಯಸ್ಸು, ರಾಜಧಾನಿ ಬಿಷ್ಕೆಕ್‌ನಲ್ಲಿ ಹೊಸ ಕಟ್ಟಡಗಳಿಗೆ ಕಿಟಕಿ ಕೂರಿಸುವ ಕೆಲಸ, ಮಾತು ಸ್ವಲ್ಪ ಜಾಸ್ತಿ. ಇಶೆನಾಲಿಯ ಹೆಂಡತಿ ಬುರುಲ್ಚಾ ಬೆಳಗಿನಿಂದ ಎಣ್ಣೆ ಬಾಣಲೆ ಇಳಿಸದೆ ಹಿಟ್ಟಿನ ತುಂಡು ಕರಿದು ಮೇಜಿನ ತುಂಬ ಸುರಿದಿದ್ದಳು. ಪಕ್ಕದಲ್ಲಿ ಕೆನೆ, ಜಾಮು, ಬೆಣ್ಣೆ. ಹುಡುಗ ತಿಂದ. ಊರ ಸುದ್ದಿ ಕೇಳಿದ. ಮೂರು ಬಟ್ಟಲು ಚಹಾ ಕುಡಿದು ಮೀಸೆ ಒರೆಸಿಕೊಂಡ.

"ಮಾವ, ನಿನ್ನತ್ರ ಒಂದು ಕೇಳ್ಬೇಕು."

"ಕೇಳಪ್ಪ. ಕೇಳೋಕೆ ತಾನೆ ಅಷ್ಟು ದೂರದಿಂದ ಬಂದಿರೋದು," ಎಂದ ಇಶೆನಾಲಿ. ಕೊಟ್ಟಿಗೆ ಖಾಲಿಯಿದ್ದ ಧೈರ್ಯ ಅವನಿಗೆ.

"ಕಾರು ಕೊಡು."

"ಯಾವ ಕಾರು?"

"ನಿಂಗೆ ಎಷ್ಟು ಕಾರಿದೆ ಮಾವ?"

ಇಶೆನಾಲಿ ನಕ್ಕ. ಹುಡುಗ ನಗಲಿಲ್ಲ. ಬುರುಲ್ಚಾ ತಲೆ ತಗ್ಗಿಸಿಕೊಂಡು ಬಟ್ಟಲಿಗೆ ಚಹಾ ಬಗ್ಗಿಸುತ್ತಲೇ ಇದ್ದಳು, ಅದು ತುಂಬಿ ತಟ್ಟೆಗೆ ಚೆಲ್ಲಿತು. ಹೊರಗೆ ಅಂಗಳದಲ್ಲಿ ಆ ಕಾರು ನಿಂತಿತ್ತು. ಮೂವತ್ತು ವರ್ಷದ ಹಳೆಯ ಜರ್ಮನ್ ಕಾರು, ಉದ್ದ ಮೂತಿ, ಬೂದು ಬಣ್ಣ. ಬೂದು ಅನ್ನುವುದು ಮರ್ಯಾದೆಯ ಮಾತು. ಹಿಂದಿನ ಚಕ್ರಗಳ ಮೇಲೆ, ಬಾಗಿಲುಗಳ ಕೆಳಗೆ ಎಲ್ಲ ತುಕ್ಕು ಹಬ್ಬಿತ್ತು. ಬೇಸಿಗೆಯಲ್ಲಿ ಸರೋವರದ ಉಪ್ಪು ಗಾಳಿ, ಚಳಿಗಾಲದಲ್ಲಿ ಬಿಷ್ಕೆಕ್ ದಾರಿಯ ಬೋಮ್ ಕಣಿವೆಯ ರಸ್ತೆಗೆ ಚೆಲ್ಲುವ ಉಪ್ಪು, ಎರಡರ ನಡುವೆ ಯಾವ ಕಬ್ಬಿಣ ತಾನೆ ತಾಳೀತು? ಪ್ರತಿ ವಸಂತಕ್ಕೂ ಇಶೆನಾಲಿ ಒಂದು ಡಬ್ಬಿ ಬೂದು ಬಣ್ಣ ತಂದು ಕೈಯಾರೆ ಬಳಿಯುತ್ತಿದ್ದ. ಶರತ್ಕಾಲ ಬರುವಷ್ಟರಲ್ಲಿ ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿತ್ತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಟೆಲ್ಮನ್ ಅಂತ ಒಬ್ಬ ಇದ್ದಾನೆ, ಜಪಾನಿನ ವ್ಯಾನ್ ಓಡಿಸುವವನು, ಅವನು ದಿನವೂ ಕೂಗುತ್ತಿದ್ದ: "ಇಶೆನಾಲಿ ಅಣ್ಣ, ನಿನ್ನ ಬೂದು ಕುದುರೆ ದಿನಾ ಸ್ವಲ್ಪ ಸ್ವಲ್ಪ ಕೆಂಚು ಕುದುರೆ ಆಗ್ತಿದೆಯಲ್ಲಾ!"

ಮೀಟರಿನ ಕಥೆ ಬೇರೆ. ಅದರಲ್ಲಿ ಆರು ಅಂಕಿಗೆ ಮಾತ್ರ ಜಾಗ. ಆರೂ ಒಂಬತ್ತಾಗಿ, ಮತ್ತೆ ಆರೂ ಸೊನ್ನೆಯಾದ ದಿನ ಇಶೆನಾಲಿ ಕಣಿವೆಯ ನಡುವೆ ಕಾರು ನಿಲ್ಲಿಸಿ, ಒಳಗಿದ್ದ ನಾಲ್ವರನ್ನೂ ಇಳಿಸಿ, ಮಿಠಾಯಿ ಹಂಚಿ, ಅವರಲ್ಲಿ ಹಿರಿಯನಾದವನಿಂದ ಎರಡೂ ಅಂಗೈ ಬಿಚ್ಚಿಸಿ ಹರಸಿಸಿಕೊಂಡಿದ್ದ. ಅದಾಗಿ ಮತ್ತೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿತ್ತು.

ಈ ಮನುಷ್ಯ ಮೊದಲಿನಿಂದ ಟ್ಯಾಕ್ಸಿಯವನಲ್ಲ. ಸೋವಿಯತ್ ಕಾಲದಲ್ಲಿ ಸಿನಿಮಾ ತೋರಿಸುತ್ತಿದ್ದ. ಬೇಸಿಗೆಯಲ್ಲಿ ಕುರಿಗಾರರು ಬೆಟ್ಟ ಹತ್ತಿ ಹುಲ್ಲುಗಾವಲಿಗೆ ಹೋದರೆ ಇವನು ಲಾರಿಯಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಹಿಂದೆಯೇ ಹೋಗುತ್ತಿದ್ದ. ಡೇರೆಗಳ ನಡುವೆ ಬಿಳಿ ಬಟ್ಟೆ ಕಟ್ಟಿ ಚಿತ್ರ ಬಿಟ್ಟರೆ ಜನ ಕುದುರೆಯ ಮೇಲೆ ಕೂತೇ ನೋಡುತ್ತಿದ್ದರು. ಇಶೆನಾಲಿ ಬಂದ ಎಂದರೆ ಅಂದು ಅಲ್ಲಿ ಹಬ್ಬ. ದೇಶ ಒಡೆದು ಬೇರೆಯಾಯಿತು, ಸಿನಿಮಾ ನಿಂತಿತು, ಪ್ರೊಜೆಕ್ಟರ್ ಯಾರ ಮನೆ ಅಟ್ಟ ಸೇರಿತೋ ಯಾರಿಗೆ ಗೊತ್ತು. ಎಂಟು ವರ್ಷ ಅವನು ಯಾರೂ ಅಲ್ಲದವನಾಗಿದ್ದ. ಕೊನೆಗೆ ಕುರಿಗಳನ್ನೆಲ್ಲ ಮಾರಿ ಈ ಕಾರು ತಂದ. ಕಾಜಿಸಾಯ್‌ನಿಂದ ಬಿಷ್ಕೆಕ್‌ಗೆ ಹೋಗುವವರು, ಅದರಲ್ಲೂ ಬಸುರಿಯರು, ಆಸ್ಪತ್ರೆಗೆ ಹೊರಟ ಮುದುಕರು, ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು, "ಇಶೆನಾಲಿ ಕಾರಾದ್ರೆ ಹೋಗ್ತೀನಿ, ಇಲ್ಲಾಂದ್ರೆ ನಾಳೆ ಹೋಗ್ತೀನಿ," ಅನ್ನುವಂತಾಯಿತು. ಆ ಕಣಿವೆಯಲ್ಲಿ ಇಪ್ಪತ್ತನಾಲ್ಕು ವರ್ಷ ಓಡಿಸಿದರೂ ಒಂದು ಕನ್ನಡಿ ಒಡೆದುಕೊಂಡವನಲ್ಲ. ಕಾರು ಬಿಟ್ಟುಕೊಡುವುದೆಂದರೆ ಮತ್ತೆ ಯಾರೂ ಅಲ್ಲದವನಾಗಿ ಒಲೆ ಪಕ್ಕ ಕೂರುವುದು. ಅರವತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಭಯವಿದ್ದದ್ದು ಅದೊಂದಕ್ಕೇ.

"ಅಲ್ವೋ, ಕುದುರೆ ಕೇಳೋ," ಎಂದ ಇಶೆನಾಲಿ. "ಪಕ್ಕದ ಮನೇಲಿದೆ. ಒಳ್ಳೆ ಕುದುರೆ, ಗಬ್ಬ ಬೇರೆ ಆಗಿದೆ. ಈಗ್ಲೇ ಹಿಡ್ಕೊಂಡು ಬರ್ತೀನಿ." ಬಚ್ಚಿಟ್ಟದ್ದನ್ನು ತಾನೇ ಬಾಯಿಬಿಟ್ಟದ್ದು ಹೊಳೆದು ನಾಲಿಗೆ ಕಚ್ಚಿಕೊಂಡ.

"ಕುದುರೆ ಬೇಡ ಮಾವ. ಕಾರೇ ಸಾಕು."

"ಅದರಲ್ಲಿ ಏನಿದೆ ಅಂತ ಕೇಳ್ತೀಯೋ? ನೋಡು ಹೋಗಿ, ತುಕ್ಕು ಹಿಡಿದಿದೆ!" ಇಷ್ಟು ವರ್ಷದಲ್ಲಿ ತನ್ನ ಕಾರಿಗೆ ತುಕ್ಕು ಹಿಡಿದಿದೆ ಎಂಬ ಮಾತು ಅವನ ಬಾಯಿಂದಲೇ ಬಂದದ್ದು ಅದೇ ಮೊದಲು.

"ನೋಡಿದೀನಿ," ಎಂದ ರಿಸ್ಬೆಕ್. "ತುಕ್ಕಿನ ಸಮೇತ ಕೊಡು."

ಇಶೆನಾಲಿ ಶುಕ್ರವಾರದ ತನಕ ಸಮಯ ಕೇಳಿದ. ಮಾವನಿಗೆ ಅಷ್ಟು ಹಕ್ಕಿದೆ. ಹುಡುಗ ಒಪ್ಪಿ, ಎರಡು ಮುಷ್ಟಿ ಕರಿದ ತಿಂಡಿಯನ್ನು ಜೇಬಿಗೆ ಸುರಿದುಕೊಂಡು ಹೊರಟುಹೋದ. ಇಶೆನಾಲಿಯ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಮರುದಿನ ಸ್ಟ್ಯಾಂಡಿನಲ್ಲಿ ಟೆಲ್ಮನ್ ವ್ಯಾನಿನ ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗುಳುತ್ತಿದ್ದ. ವಿಷಯ ಕೇಳಿ ಬೀಜ ಗಂಟಲಿಗೆ ಸಿಕ್ಕಿ ಕೆಮ್ಮಿದ.

"ಕುದುರೆ ಬಿಟ್ಟು ಕಾರು ಕೇಳಿದ್ನಾ? ಅಣ್ಣ, ಆ ಹುಡುಗನ ತಲೆ ಗಿಲೆ ನೆಟ್ಟಗಿದೆ ತಾನೆ?"

"ನೆಟ್ಟಗೇ ಇದೆ. ಅದೇ ನಂಗೆ ಭಯ."

"ಹಂಗಾದ್ರೆ ಕಾರಲ್ಲಿ ಏನೋ ಇದೆ." ಟೆಲ್ಮನ್ ದನಿ ತಗ್ಗಿಸಿದ. "ಹೊಗೆ ಪೈಪಿನೊಳಗೆ ಒಂದು ಡಬ್ಬ ಇರುತ್ತೆ, ಗೊತ್ತಲ್ಲ? ಅದ್ರಲ್ಲಿ ಪ್ಲಾಟಿನಂ ಇರುತ್ತಂತೆ. ಚಿನ್ನಕ್ಕಿಂತ ಮೇಲು. ಬಿಷ್ಕೆಕ್‌ನಲ್ಲಿ ಅದಕ್ಕೇ ಹಳೇ ಕಾರು ಹುಡುಕ್ತಾರೆ."

"ನನ್ನ ಕಾರಿನ ಡಬ್ಬ ಹದಿನೈದು ವರ್ಷದ ಹಿಂದೇನೇ ಉದುರಿಹೋಯ್ತಲ್ಲೋ."

"ಎಲ್ಲಿ ಉದುರ್ತು?"

"ನಂಗೇನು ಗೊತ್ತು! ಉದುರಿದ್ದನ್ನ ಎತ್ಕೊಂಡು ಬರ್ತಾರಾ ಯಾರಾದ್ರೂ?"

ಟೆಲ್ಮನ್ ಸ್ವಲ್ಪ ಹೊತ್ತು ತಾನೇ ಪ್ಲಾಟಿನಂ ಕಳೆದುಕೊಂಡವನ ಹಾಗೆ ಪೆಚ್ಚಾಗಿ ಕೂತ. ಆಮೇಲೆ ಇನ್ನೊಂದು ಹೊಳೆಯಿತು. ಪಟ್ಟಣದ ಹುಡುಗರಿಗೆ ಈಗ ಹಳೇ ಜರ್ಮನ್ ಕಾರಿನ ಹುಚ್ಚು ಹಿಡಿದಿದೆಯಂತೆ, ಸ್ಪ್ರಿಂಗ್ ಕತ್ತರಿಸಿ ನೆಲಕ್ಕೆ ತಾಗುವ ಹಾಗೆ ಇಳಿಸಿ, ಕಪ್ಪು ಗಾಜು ಹಾಕಿಕೊಂಡು ಮೆರೆಯುತ್ತಾರಂತೆ. ಮದುವೆ ಮೆರವಣಿಗೆಗೆ ಇರಬೇಕು. ಇಶೆನಾಲಿ ಆ ಮಾತನ್ನು ಅರ್ಧ ನಂಬಿದ. ನಂಬಿದ್ದೇ ತಡ, ಹೆಮ್ಮೆಯೂ ಆಯಿತು. ನೋಡು ಮತ್ತೆ, ಇಪ್ಪತ್ತೈದರ ಹುಡುಗನಿಗೆ ಗೊತ್ತಾಗುತ್ತದೆ ವಸ್ತುವಿನ ಬೆಲೆ, ಈ ಸ್ಟ್ಯಾಂಡಿನ ಪೆದ್ದರಿಗೆ ಗೊತ್ತಾಗುವುದಿಲ್ಲ! ಎರಡು ನಿಮಿಷ ಕಳೆಯುವಷ್ಟರಲ್ಲಿ, ಹಾಗಾದರೆ ತನ್ನ ಕಾರಿನ ಸ್ಪ್ರಿಂಗ್ ಕತ್ತರಿಸುತ್ತಾನೆಯೇ ಈ ಪಾಪಿ ಎಂದು ಹೊಳೆಯಿತು. ಹೆಮ್ಮೆಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಪ್ರಯಾಣಿಕರನ್ನು ಕೂಗುವುದನ್ನೂ ಮರೆತು ಕೂತ. ಅವನ ಸರದಿ ಟೆಲ್ಮನ್‌ಗೆ ಹೋಯಿತು.

ಸಂಜೆ ಮನೆಗೆ ಬಂದು ಕಾರನ್ನೆಲ್ಲ ಜಾಲಾಡಿದ. ಮುಂದಿನ ಸೀಟು ಬಿಚ್ಚಿದ, ಡಿಕ್ಕಿಯಲ್ಲಿದ್ದ ಹೆಚ್ಚುವರಿ ಚಕ್ರ ಎತ್ತಿದ, ಬಾಗಿಲಿನ ಒಳಹಲಗೆಗೆ ಕೈ ತೂರಿಸಿದ. ಯಾರದೋ ಮಗುವಿನ ಒಂದು ಕಾಲುಚೀಲ, ಎರಡು ಬಾಚಣಿಗೆ, ಕಲ್ಲಿನ ಹಾಗೆ ಒಣಗಿದ ಮೊಸರಿನ ಉಂಡೆಗಳು ಸಿಕ್ಕವು. ಒಂದು ಉಂಡೆ ಬಾಯಿಗೆ ಹಾಕಿಕೊಂಡ, ಚೆನ್ನಾಗಿಯೇ ಇತ್ತು. ಹಿಂದಿನ ಸೀಟಿನ ಕೆಳಗೆ ಹಾಸಿದ್ದ ದಪ್ಪ ಉಣ್ಣೆ ಚಾಪೆಯನ್ನು ಮಾತ್ರ ಎತ್ತಲಿಲ್ಲ. ಅಲ್ಲಿ ಏನೂ ಇರಲಾರದು ಎಂದುಕೊಂಡ.

ಬುರುಲ್ಚಾ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ಏನು ಹುಡುಕ್ತಿದೀಯ ಮುದ್ಕಪ್ಪ?"

"ನಿನ್ನ ಅಳಿಯನ ಬುದ್ಧೀನ."

"ಸಿಕ್ತಾ?"

"ಇಲ್ಲ. ಕೆಳಗೆಲ್ಲೋ ಬಿದ್ದುಹೋಗಿರ್ಬೇಕು."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ನಾಲ್ಕು ಮಾತು ಜೋಡಿಸಿ ಕೊಡುತ್ತಿದ್ದಳು. ಅಂದು ಸೀದಾ ಒಳಗೆ ಹೋದಳು. ಅದೂ ಅವನಿಗೆ ವಿಚಿತ್ರವೆನಿಸಿತು. ಎರಡು ದಿನದಿಂದ ಅವಳು ಕೇಳದೆಯೇ ಮಾಂಸ ಹುರಿದು ಹಾಕುತ್ತಿದ್ದಳು, ಬೂಟು ಒರೆಸಿಡುತ್ತಿದ್ದಳು. ಜೊತೆಯಲ್ಲಿ ನಲವತ್ತು ವರ್ಷ ಬಾಳಿದ ಹೆಂಗಸು ಕಾರಣವಿಲ್ಲದೆ ಬೂಟು ಒರೆಸಿದರೆ ಯಾವ ಗಂಡಸಿಗೆ ದಿಗಿಲಾಗುವುದಿಲ್ಲ ಹೇಳಿ?

ತಂಗಿಗೆ ಫೋನು ಮಾಡಿದ. ಜೂರಾಕನ್ ಕಣಿವೆಯಾಚೆ ಕೆಮಿನ್‌ನಲ್ಲಿ ಇರುವವಳು. ಮದುವೆಯ ವಿಷಯ ಅರ್ಧ ಗಂಟೆ ಹೇಳಿದಳು, ಬೀಗರನ್ನು ಬೈದಳು, ಬೀಗಿತ್ತಿಯನ್ನು ಇನ್ನೂ ಜಾಸ್ತಿ ಬೈದಳು. ಕಾರಿನ ಮಾತೆತ್ತಿದ ಕೂಡಲೇ, "ಅಯ್ಯೋ ಅಣ್ಣ, ಹಾಲು ಉಕ್ತಿದೆ!" ಎಂದು ಇಟ್ಟುಬಿಟ್ಟಳು. ಹಸುವನ್ನು ಹೋದ ವರ್ಷವೇ ಮಾರಿದವಳ ಮನೆಯಲ್ಲಿ ಎಲ್ಲಿಯ ಹಾಲು?

ಗುರುವಾರ ಇಶೆನಾಲಿ ಕೊನೆಯ ಉಪಾಯ ಮಾಡಿದ. ಅಳಿಯನಿಗೇ ಫೋನು ಹಚ್ಚಿ, "ರಿಸ್ಬೆಕ್, ಕುದುರೆ, ಹುಟ್ಟೋ ಮರಿ, ಬೆಳ್ಳಿ ಗುಂಡಿ ಹಾಕಿರೋ ನನ್ನಪ್ಪನ ಜೀನು, ಮೂರೂ ತಗೋ. ಕಾರು ಬಿಡು," ಎಂದ. ಆ ಕಡೆ ಹುಡುಗ ಉಗುಳು ನುಂಗಿದ್ದು ಇಶೆನಾಲಿಗೆ ಕೇಳಿಸಿತು. ಆಸೆ ಇದೆ ಅವನಿಗೆ, ಇಲ್ಲದೆ ಏನು! ಜೀನೆಂದರೆ ಚಿಕ್ಕಂದಿನಿಂದ ಅದರ ಮೇಲೆ ಕೂತು ಆಡಿದವನು.

"ಬೇಡ ಮಾವ," ಎಂದ ಕೊನೆಗೆ. ದನಿ ಸಣ್ಣಗಾಗಿತ್ತು. "ಕಾರು."

"ಯಾಕೋ? ಯಾಕೆ ಅಂತ ಒಂದ್ಮಾತು ಹೇಳೋ ಮಾರಾಯ!"

"ಅಳಿಯನ್ನ ಯಾಕೆ ಅಂತ ಕೇಳೋ ಹಾಗಿಲ್ಲ ಮಾವ. ನಿಂಗೇ ಗೊತ್ತಲ್ಲ."

ಗೊತ್ತು, ಹಾಳಾಗಿಹೋಗಲಿ. ಇಲ್ಲ ಅಂದುಬಿಡೋಣವೆಂದು ನಾಲಿಗೆ ತುದಿಗೆ ಬಂದಿತ್ತು. ಸ್ಟೀರಿಂಗ್ ಹಿಡಿಯುವ ಕೈ ನಡುಗಿದರೆ ಕಾರು ಉಳಿದೂ ಏನು ಉಪಯೋಗ ಎಂದು ಯೋಚಿಸಿ ಬಾಯಿ ಮುಚ್ಚಿಕೊಂಡ.

ಶುಕ್ರವಾರ ಬೆಳಿಗ್ಗೆ ಕಾರು ತೊಳೆದ. ರಿಸ್ಬೆಕ್ ಬಂದ. ನಮ್ಮಲ್ಲಿ ಸಾಕಿದ ಪ್ರಾಣಿಯನ್ನು ಕೈಬಿಡುವಾಗ ಅದರ ಬಾಯಿಯ ಜೊಲ್ಲನ್ನು ಬಟ್ಟೆಯಲ್ಲಿ ಒರೆಸಿ ಇಟ್ಟುಕೊಳ್ಳುತ್ತಾರೆ, ಮನೆಯ ಅದೃಷ್ಟ ಅದರ ಹಿಂದೆ ಹೋಗದಿರಲೆಂದು. ಕಾರಿಗೆ ಜೊಲ್ಲು ಎಲ್ಲಿಂದ ಬರಬೇಕು? ಇಶೆನಾಲಿ ಕರವಸ್ತ್ರ ತೆಗೆದು ಮುಂದಿನ ಗಾಜಿನ ಮೇಲೆ ಉಳಿದಿದ್ದ ನೀರು ಒರೆಸಿ ಜೇಬಿಗೆ ಹಾಕಿಕೊಂಡ. ಯಾರೂ ನಗಲಿಲ್ಲ. ಬುರುಲ್ಚಾ ಮುಖ ಆಚೆ ತಿರುಗಿಸಿದಳು. ರಿಸ್ಬೆಕ್ ಕೀಲಿ ತೆಗೆದುಕೊಂಡು ಮಾವನನ್ನು ತಬ್ಬಿಕೊಂಡ. ಮೈಯೆಲ್ಲ ಬಿಗಿಯಾಗಿತ್ತು ಹುಡುಗನದು.

ಕಾರು ಗೇಟು ದಾಟಿತು. ಬಿಷ್ಕೆಕ್‌ಗೆ ಹೋಗಬೇಕಾದರೆ ಎಡಕ್ಕೆ ತಿರುಗಬೇಕು. ಅದು ಬಲಕ್ಕೆ ತಿರುಗಿತು.

"ಆ ಕಡೆ ಯಾಕೆ ಹೋದ?" ಎಂದ ಇಶೆನಾಲಿ.

"ನಂಗೇನು ಗೊತ್ತು," ಎಂದಳು ಬುರುಲ್ಚಾ, ತಂಗಿ ಫೋನಿನಲ್ಲಿ ಹಾಲು ಉಕ್ಕುತ್ತಿದೆ ಎಂದಷ್ಟೇ ಬೇಗ.

ಇಶೆನಾಲಿ ನಿಲ್ಲಲಿಲ್ಲ. ಸ್ಟ್ಯಾಂಡಿಗೆ ಓಡಿ, "ಟೆಲ್ಮನ್, ವ್ಯಾನ್ ತೆಗಿ!" ಎಂದ. ಟೆಲ್ಮನ್‌ಗೂ ಏನೆಂದು ನೋಡಬೇಕೆಂಬ ತುರಿಕೆ ಇತ್ತು. ಹತ್ತಿ ಕೂತಿದ್ದ ಇಬ್ಬರು ಪ್ರಯಾಣಿಕರನ್ನು ಇಳಿಸಿಯೇ ಬಂದ. ಇಬ್ಬರೂ ಬಲಕ್ಕೆ ಹಿಡಿದು ಹೊರಟರು. ಬಹಳ ದೂರ ಹೋಗಬೇಕಾಗಲಿಲ್ಲ. ಊರಿನ ಆ ತುದಿಯಲ್ಲಿ ಗೆನ್ನಾಡಿಯ ಗ್ಯಾರೇಜು. ಗೆನ್ನಾಡಿ ರಷ್ಯನ್ ಆದರೂ ಇಲ್ಲೇ ಹುಟ್ಟಿ ಇಲ್ಲೇ ಮುದುಕನಾದ ಮೆಕ್ಯಾನಿಕ್. ಎರಡು ವರ್ಷದಿಂದ ಇಶೆನಾಲಿ ಅವನ ಹತ್ತಿರ ಹೋಗುತ್ತಿರಲಿಲ್ಲ. ಅವನ ಬಾಯಿ ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು, ರಿಪೇರಿಗೆ ಪಕ್ಕದೂರಿಗೆ ಹೋಗುತ್ತಿದ್ದ. ಗ್ಯಾರೇಜಿನ ಮುಂದೆ ಗುಜರಿ ಲಾರಿಯೊಂದು ನಿಂತಿತ್ತು. ಒಳಗೆ, ಕೆಳಗಿಳಿದು ರಿಪೇರಿ ಮಾಡುವ ಗುಂಡಿಯ ಮೇಲೆ, ಇವನ ಕಾರು. ಬಾನೆಟ್ ತೆಗೆದಿದ್ದರು.

ಕುದುರೆ ಬೇಡ, ಜೀನು ಬೇಡ ಎಂದು ಕಾರು ಕೇಳಿದವನು ಅದನ್ನು ಗುಜರಿಗೆ ಹಾಕುವುದಕ್ಕೆ ಕೇಳಿದನೇ? ಇಶೆನಾಲಿ ನೇರ ಹೋಗಿ ರಿಸ್ಬೆಕ್‌ನ ಕೊರಳಪಟ್ಟಿ ಹಿಡಿದು ಕೈ ಎತ್ತಿದ.

"ಹೊಡಿ ಮಾವ," ಎಂದ ರಿಸ್ಬೆಕ್. ಅವನ ಕಣ್ಣಲ್ಲಿ ನೀರಿತ್ತು. "ಅಳಿಯನಿಗೆ ಹೊಡೆದ್ರೂ ಕೈ ನಡುಗುತ್ತಂತೆ. ಒಳ್ಳೇದೇ ಆಯ್ತು, ಆಮೇಲೆ ಯಾವ ಕಾರೂ ಓಡಿಸೋಕೆ ಆಗಲ್ಲ ನಿಂಗೆ."

ಎತ್ತಿದ ಕೈ ಹಾಗೇ ನಿಂತಿತು. ಹೊಡೆಯುವುದಕ್ಕೆ ಮುಂಚೆಯೇ ನಡುಗುತ್ತಿತ್ತು ಅದು.

"ನನ್ ಮಕ್ಳಾ, ಜಗಳ ಆಮೇಲಾಡಿ," ಎಂದ ಗೆನ್ನಾಡಿ ಗುಂಡಿಯೊಳಗಿನಿಂದ. "ಇಶೆನಾಲಿ, ಇಳಿ ಇಲ್ಲಿ. ಎರಡು ವರ್ಷದಿಂದ ತಪ್ಪಿಸ್ಕೊಂಡು ತಿರುಗ್ತಿದೀಯ. ಇವತ್ತು ನೋಡೇ ಹೋಗು."

ಇಶೆನಾಲಿ ಇಳಿದ. ಗೆನ್ನಾಡಿ ದೀಪ ಹಿಡಿದ. ಸ್ಕ್ರೂಡ್ರೈವರ್ ತೆಗೆದು, ಕಾರಿನ ಇಡೀ ಭಾರ ಹೊರುವ ಉದ್ದನೆಯ ತೊಲೆಗೆ ಮೆಲ್ಲಗೆ ಒತ್ತಿದ. ಬಡಿಯಲಿಲ್ಲ, ಒತ್ತಿದನಷ್ಟೇ. ಅದು ರೊಟ್ಟಿಗೆ ಇಳಿದ ಹಾಗೆ ಹಿಡಿಯ ತನಕ ಇಳಿಯಿತು. ಕೆಂಪು ಪುಡಿ ಉದುರಿ ಇಶೆನಾಲಿಯ ಟೋಪಿಯ ಮೇಲೆ, ರೆಪ್ಪೆಯ ಮೇಲೆ ಬಿತ್ತು. ಪಕ್ಕದೂರಿನವನು ಹಾಕಿದ್ದ ಬೆಸುಗೆಯ ತೇಪೆಗಳು ಏನನ್ನೂ ಹಿಡಿದುಕೊಂಡಿರಲಿಲ್ಲ, ತುಕ್ಕಿಗೆ ತುಕ್ಕನ್ನು ಅಂಟಿಸಿದ್ದ ಅಷ್ಟೇ. ಹಿಂದಿನ ಸೀಟಿನ ಕೆಳಗೆ ಎರಡು ಅಂಗೈ ಅಗಲದ ತೂತು, ಅದರಾಚೆ ಉಣ್ಣೆ ಚಾಪೆಯ ಹಿಂಭಾಗ ಕಾಣಿಸುತ್ತಿತ್ತು.

"ಎಂಜಿನ್ ಚಿನ್ನದಂಥದ್ದು, ಅದನ್ನ ಬಿಚ್ಚಿಟ್ಕೋತೀನಿ," ಎಂದ ಗೆನ್ನಾಡಿ. "ಆದ್ರೆ ಕಣಿವೇಲಿ ಒಂದು ಗುಂಡಿಗೆ ಜೋರಾಗಿ ಇಳಿಸಿದ್ರೆ ಈ ಕಾರು ನಡುವಿಗೆ ಮುರೀತಿತ್ತು. ಮುಂದಿನೋರು ಒಂದ್ಕಡೆ, ಹಿಂದಿನೋರು ಒಂದ್ಕಡೆ. ನಿನ್ ಹೆಂಡ್ತಿಗೂ ಇದನ್ನೇ ಹೇಳ್ದೆ."

"ಬುರುಲ್ಚಾ ಇಲ್ಲಿಗೆ ಬಂದಿದ್ಲಾ?"

ಗೆನ್ನಾಡಿ ರಿಸ್ಬೆಕ್ ಕಡೆ ನೋಡಿದ. ರಿಸ್ಬೆಕ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ಅತ್ತೆ ಬಿಷ್ಕೆಕ್‌ಗೇ ಬಂದಿದ್ಲು ಮಾವ. ಟೆಲ್ಮನ್ ವ್ಯಾನಲ್ಲಿ. ನಿನ್ನ ಮಾವ ನನ್ನ ಮಾತು ಕೇಳಲ್ಲ, ಮಕ್ಕಳ ಮಾತು ಕೇಳಲ್ಲ, ಗೆನ್ನಾಡಿ ಮಾತು ಕೇಳಲ್ಲ, ಅಳಿಯ ಕೇಳಿದ್ರೆ ಮಾತ್ರ ಇಲ್ಲ ಅನ್ನಲ್ಲ, ನೀನೇ ಕೇಳ್ಬೇಕು ಅಂದ್ಲು."

ಇಶೆನಾಲಿ ಟೆಲ್ಮನ್ ಕಡೆ ತಿರುಗಿದ. ಟೆಲ್ಮನ್ ಎರಡೂ ಕೈ ಎತ್ತಿದ. "ಅಣ್ಣ, ಅತ್ತಿಗೆ ಹಲ್ಲು ನೋವು ಅಂದ್ಳು! ಪಟ್ಟಣದಲ್ಲಿ ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕು ಅಂದ್ಳು! ನಂಗೇನು ಗೊತ್ತು!"

"ಪೆದ್ದ ನನ್ಮಗನೇ," ಎಂದ ಇಶೆನಾಲಿ ಅಳಿಯನಿಗೆ. "ಒಂದೇ ಸಲ ಕೇಳೋಕಾಗೋದು. ಮದುವೆ ಇಟ್ಕೊಂಡು ಕುದುರೆ ಬಿಟ್ಟು ಈ ತುಕ್ಕು ತಗೊಂಡ್ಯಾ?"

"ನಂಗಿರೋದು ಒಬ್ನೇ ಮಾವ," ಎಂದ ರಿಸ್ಬೆಕ್. ಅಷ್ಟೇ ಹೇಳಿ ಆಚೆ ಎದ್ದುಹೋದ.

ಇಶೆನಾಲಿ ನಡೆದೇ ಮನೆಗೆ ಬಂದ. ಟೆಲ್ಮನ್ ವ್ಯಾನ್ ಬೇಡವೆಂದ. ಬುರುಲ್ಚಾ ಅಂಗಳದಲ್ಲಿ ಕಾರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದಳು. ಅವನ ಟೋಪಿಯ ಮೇಲಿನ ಕೆಂಪು ಪುಡಿ ನೋಡಿದಳು, ಎಲ್ಲ ಗೊತ್ತಾಯಿತು.

"ಬಯ್ಯೋದಿದ್ರೆ ಬೈದುಬಿಡು," ಎಂದಳು. "ನಾನೇ ಮಾಡಿಸಿದ್ದು. ಹೋದ ಚಳಿಗಾಲ ಕೆಮಿನ್‌ಗೆ ಹೋಗುವಾಗ ಚಾಪೆ ಸರಿದಿತ್ತು, ನನ್ನ ಕಾಲ ಕೆಳಗೆ ರಸ್ತೆ ಓಡ್ತಿತ್ತು. ನಿಂಗೆ ಹೇಳಿದ್ರೆ ಗೆನ್ನಾಡಿ ಸುಳ್ಳುಗಾರ ಅಂದೆ, ನಾನು ಹೆದರುಪುಕ್ಲಿ ಅಂದೆ. ಇನ್ನೇನು ಮಾಡ್ಲಿ ಹೇಳು? ನಿಂಗೆ ಗೊತ್ತಾಗ್ಲಿಲ್ಲ, ಅದು ನಿನ್ನ ತಪ್ಪಲ್ಲ, ವಯಸ್ಸಾಯ್ತು..."

"ಗೊತ್ತಿತ್ತು," ಎಂದ ಇಶೆನಾಲಿ.

ಅವಳು ಅವನ ಮುಖವನ್ನೇ ನೋಡಿದಳು.

"ಚಾಪೆ ಹಾಸಿದ್ದೇ ನಾನು. ಹಿಂದೆ ಕೂತೋರಿಗೆ ಚಳಿ ಆಗ್ಬಾರ್ದು ಅಂತ ನಂಗೆ ನಾನೇ ಹೇಳ್ಕೊಂಡೆ. ಹೇಳ್ಕೊಂಡು ಹೇಳ್ಕೊಂಡು ಅದೇ ನಿಜ ಅನ್ನಿಸಿಬಿಡ್ತು. ಗೊತ್ತಿತ್ತು ಅನ್ನೋದೂ ನಿಜ ಕಣೆ, ಗೊತ್ತಿರ್ಲಿಲ್ಲ ಅನ್ನೋದೂ ನಿಜ. ಅದು ಹೆಂಗೆ ಅಂತ ಮಾತ್ರ ಕೇಳ್ಬೇಡ, ನಂಗೇ ತಿಳೀತಿಲ್ಲ."

"ಹೋದ ವಾರ ಆ ಬಾಣಂತಿನ ಕೂರಿಸ್ಕೊಂಡು ಹೋದ್ಯಲ್ಲ. ಹತ್ತು ದಿನದ ಕೂಸು. ಹಿಂದಿನ ಸೀಟಲ್ಲಿ."

"ಆವತ್ತು ನಿಧಾನ ಓಡಿಸ್ದೆ," ಎಂದ ಇಶೆನಾಲಿ. ಆ ಮಾತು ತನ್ನ ಕಿವಿಗೇ ಬಿದ್ದಾಗ ಅವನಿಗೆ ನಾಚಿಕೆಯಾಯಿತು. ಇಪ್ಪತ್ತನಾಲ್ಕು ವರ್ಷ ನಂಬಿ ಹತ್ತಿದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕುಸಿದು ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು, ಮುಖಕ್ಕೆ ಒತ್ತಿಕೊಂಡು ಅತ್ತ. ಬುರುಲ್ಚಾ ಸಮಾಧಾನ ಮಾಡಲಿಲ್ಲ. ಅವಳಿಗೂ ಸಿಟ್ಟಿತ್ತು, ಬಹಳ ದಿನದ ಸಿಟ್ಟು. ಅವನು ಅತ್ತು ಮುಗಿಸುವ ತನಕ ಪಕ್ಕದಲ್ಲಿ ನಿಂತಿದ್ದು, ಆಮೇಲೆ, "ಏಳು, ಮುಖ ತೊಳ್ಕೋ," ಎಂದಳು.

ಆಮೇಲಿನ ದಿನಗಳು ಅವನಿಗೆ ಬಹಳ ಗೊಂದಲದವು. ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತಿತ್ತು, ಬೂಟು ಹಾಕಿಕೊಳ್ಳುತ್ತಿದ್ದ, ಗೇಟಿನ ತನಕ ಹೋಗಿ ಎಲ್ಲಿಗೆ ಹೊರಟೆನೆಂದು ಮರೆತು ನಿಲ್ಲುತ್ತಿದ್ದ. ಸ್ಟ್ಯಾಂಡಿಗೆ ಹೋದರೆ ಜನ, "ಇಶೆನಾಲಿ ಅಣ್ಣ, ಎಷ್ಟೊತ್ತಿಗೆ ಹೊರಡ್ತೀಯ?" ಎಂದು ಕೇಳುತ್ತಿದ್ದರು. ಹೊರಡಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಕೆಲವು ದಿನ ಬುರುಲ್ಚಾಳ ಮೇಲೆ ಕೋಪ ಬರುತ್ತಿತ್ತು, ಕೆಲವು ದಿನ ಅವಳ ಮುಖ ನೋಡುವುದೇ ಕಷ್ಟವಾಗುತ್ತಿತ್ತು, ಕೆಲವು ದಿನ ಎರಡೂ ಒಟ್ಟಿಗೆ. ಕುದುರೆಯನ್ನು ಜೀನಿನ ಸಮೇತ ಲಾರಿ ಹತ್ತಿಸಿ ಕೆಮಿನ್‌ಗೆ ಕಳಿಸಿದ. ಅಳಿಯ ಕೇಳಿರಲಿಲ್ಲ, ಇವನು ಕೊಟ್ಟ, ಅಷ್ಟೇ. ಜೂರಾಕನ್ ಫೋನು ಮಾಡಿ ಅತ್ತಳು, ಈ ಸಲ ಹಾಲು ಉಕ್ಕಲಿಲ್ಲ.

ಮೂರು ವಾರಕ್ಕೆ ಮದುವೆ. ಗಂಡ ಹೆಂಡತಿ ಟೆಲ್ಮನ್‌ನ ವ್ಯಾನಿನಲ್ಲಿ ಹೊರಟರು. ಹಿರಿಯನೆಂದು ಇಶೆನಾಲಿಗೆ ಮುಂದಿನ ಸೀಟು ಕೊಟ್ಟರು. ಜರ್ಮನ್ ಕಾರಿಗೆ ಸ್ಟೀರಿಂಗ್ ಎಡಗಡೆ, ಈ ಜಪಾನಿನ ಗಾಡಿಗೆ ಬಲಗಡೆ. ಹಾಗಾಗಿ ಅವನು ಎಡಗಡೆ, ಇಪ್ಪತ್ತನಾಲ್ಕು ವರ್ಷ ಕೂತ ಕಡೆಯೇ ಕೂತ. ಆದರೆ ಮುಂದೆ ಸ್ಟೀರಿಂಗ್ ಇಲ್ಲ, ಕಾಲ ಕೆಳಗೆ ಏನೂ ಇಲ್ಲ. ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ, ಎದೆಗೆ ಕಟ್ಟಿಕೊಂಡ, ಮತ್ತೆ ಮೊಣಕಾಲ ಮೇಲಿಟ್ಟುಕೊಂಡ. ಪ್ರತಿ ತಿರುವಿಗೂ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

"ಅಣ್ಣ, ಬ್ರೇಕು ನನ್ನತ್ರ ಇದೆ," ಎಂದ ಟೆಲ್ಮನ್. "ತೂತು ಮಾಡ್ಬೇಡ ನನ್ನ ಗಾಡಿ ನೆಲಾನ."

ಹಿಂದೆ ಕೂತಿದ್ದವರು ನಕ್ಕರು. ಇಶೆನಾಲಿಯೂ ನಕ್ಕ. ಬುರುಲ್ಚಾ ಏನಾದರೂ ಚುಚ್ಚಿ ಹೇಳುತ್ತಾಳೆಂದು ಕಾದ. ಅವಳ ದನಿ ಬರಲಿಲ್ಲ. ಸರೋವರ ಇನ್ನೂ ಬಲಗಡೆ ಕಾಣುತ್ತಿತ್ತು. ಇವನ ಕಾರಿನಲ್ಲಾದರೆ ಈ ಹೊತ್ತಿಗೆ ಅವಳ ಮಾತು ಶುರುವಾಗಿರುತ್ತಿತ್ತು. ನೆಂಟರ ಸುದ್ದಿ, ಊರ ಸುದ್ದಿ, ಸತ್ತವರ ಸುದ್ದಿ, ಕಣಿವೆ ದಾಟುವ ತನಕ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. "ಸ್ವಲ್ಪ ಮಲಗೇ, ತಲೆ ತಿಂತೀಯ," ಎಂದು ಬೈದರೂ ಒಮ್ಮೆಯೂ ಕಣ್ಣು ಮುಚ್ಚಿದವಳಲ್ಲ. ವಯಸ್ಸಾದ ಹಾಗೆ ಮಾತು ಹೆಚ್ಚಾಯಿತೆಂದು ಅವನು ತಿಳಿದಿದ್ದ.

ಹಿಂತಿರುಗಿ ನೋಡಿದ. ಬುರುಲ್ಚಾ ಕಿಟಕಿಗೆ ತಲೆ ಆನಿಸಿ ಮಲಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಹೊಸ ರುಮಾಲು ಜಾರಿ ಹೆಗಲಿಗೆ ಬಿದ್ದಿತ್ತು, ಕೈಗಳು ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ಇಷ್ಟು ಗಾಢವಾಗಿ ಅವಳು ಮಲಗಿದ್ದನ್ನು ಅವನು ಮನೆಯಲ್ಲೂ ನೋಡಿರಲಿಲ್ಲ. ಬೇರೆಯವನ ಗಾಡಿಯಲ್ಲಿ ಹೀಗೆ ಮಲಗಿದಳಲ್ಲ ಎಂದು ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚಿನ ಬೆನ್ನಿಗೇ, ಅಷ್ಟು ದಿನ ಹೆದರಿಕೆಗೆ ಮಾತಾಡುತ್ತಾ ಎಚ್ಚರವಿದ್ದಳಲ್ಲ, ಹೋದರೆ ಇವನ ಜೊತೆಗೇ ಜೀವ ಹೋಗಲಿ ಎಂದು ಪ್ರತಿ ಸಲವೂ ಹತ್ತಿ ಕೂರುತ್ತಿದ್ದಳಲ್ಲ ಎಂದು ಹೊಳೆಯಿತು.

"ಟೆಲ್ಮನ್, ನಿಧಾನ ಹೋಗೋ," ಎಂದ.

"ನಿಧಾನಾನೇ ಹೋಗ್ತಿದೀನಲ್ಲ ಅಣ್ಣ."

"ಇನ್ನೂ ನಿಧಾನ. ಮಲಗಿದಾಳೆ."